ಊಟ ಆಯ್ತಾ ಸಾಹೇಬ್ರೇ?

ನಮ್ಮ ಹಡಗಿನ ಅಡುಗೆಯವಳು ಹನ್ನೊಂದು ವರ್ಷದಲ್ಲಿ ಒಂದು ದಿನವೂ ತಕ್ಕಡಿ ಮುಟ್ಟಿದವಳಲ್ಲ. ಮೂವತ್ತೆರಡು ಜನರ ಅಡುಗೆಗೆ ಉಪ್ಪು, ಖಾರ ಎಲ್ಲ ಕೈಯಳತೆಯಲ್ಲೇ ಬೀಳುತ್ತಿತ್ತು. ಹೆಚ್ಚಾಯಿತು ಅಂತ ಯಾರೂ ಅಂದದ್ದಿಲ್ಲ, ಸಾಲದು ಅಂತಲೂ ಅಂದದ್ದಿಲ್ಲ. ಹಾಗಾಗಿ ಅವಳಿಗೆ ಚಿಟಿಕೆಯಮ್ಮ ಅಂತ ಹೆಸರು ಬಿತ್ತು. ಉಗ್ರಾಣದ ಬೀಗದ ಕೈ ನನ್ನ ಸೊಂಟದಲ್ಲಿ ನೇತಾಡುತ್ತಿತ್ತಾದ್ದರಿಂದ ನಾನು ಅವಳ ಬಾಯಲ್ಲಿ ಬೀಗದಪ್ಪ. ಅಂಥವಳು ಒಂದು ಬೆಳಿಗ್ಗೆ ಬಂದು, ಗ್ರಾಂ ತೋರಿಸುವ ತಕ್ಕಡಿ ಇದ್ದರೆ ಕೊಡು ಅಂದಳು. ಯಾರಿಗೋ ಗ್ರಹಚಾರ ಕಾದಿದೆ ಅಂತ ನನಗೆ ಆಗಲೇ ಗೊತ್ತಾಯಿತು.

ಆ ಗ್ರಹಚಾರ ಯಾಕೆ ಬಂತು ಅನ್ನುವುದಕ್ಕೆ ಅವಳ ಅಕ್ಕನ ವಿಷಯ ಹೇಳಬೇಕು.

ಚಿಟಿಕೆಯಮ್ಮನಿಗೆ ತಾಯಿಯ ಮುಖ ನೆನಪಿಲ್ಲ. ಸಾಕಿದ್ದೆಲ್ಲ ಅಕ್ಕ. ಆ ಅಕ್ಕನಿಗೂ ಆಗ ಹನ್ನೆರಡೇ ವರ್ಷ. ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಕಡೆ ಕೆಲಸಕ್ಕೆ ಹೋಗಿ, ಸಂಜೆ ಬಂದು ಒಲೆ ಹಚ್ಚಿ, ಪಾತ್ರೆಯಲ್ಲಿದ್ದದ್ದನ್ನು ತಂಗಿಗೆ ಬಡಿಸಿ, ‘ನಂದಾಯ್ತು ಕಣೇ’ ಅಂತ ನೀರು ಕುಡಿದು ಮಲಗುತ್ತಿದ್ದಳು. ಅದು ಸುಳ್ಳು ಅಂತ ತಂಗಿಗೆ ತಿಳಿಯುವ ಹೊತ್ತಿಗೆ ಒಂಬತ್ತು ವರ್ಷ ತುಂಬಿತ್ತು. ಇಬ್ಬರೂ ಮದುವೆಯಾಗಲಿಲ್ಲ. ಈಗ ಅಕ್ಕನ ಎರಡು ಮಂಡಿಯೂ ಹೋಗಿವೆ. ಮೂರನೇ ಮಹಡಿಯಲ್ಲಿ ಒಂದು ಕೋಣೆ, ಕಿಟಕಿಗೆ ಎದುರುಮನೆಯ ಗೋಡೆ. ತಂಗಿಯ ಸಂಬಳ ಬಾಡಿಗೆಗೆ, ಮಾತ್ರೆಗೆ, ಮಂಡಿ ಡಾಕ್ಟರಿಗೆ ಸರಿಹೋಗುತ್ತಿತ್ತು. ಹೊಟ್ಟೆಯ ಭಾರ ಹೊತ್ತಿದ್ದು ಸರ್ಕಾರದ ಪಡಿತರ ಚೀಟಿ.

ಎರಡು ವರ್ಷದ ಹಿಂದೆ ಮನೆಮನೆ ಸಮೀಕ್ಷೆ ಬಂತು. ಕುತ್ತಿಗೆಗೆ ಗುರುತಿನ ಪಟ್ಟಿ ಹಾಕಿಕೊಂಡ ಒಬ್ಬ ಬಾಗಿಲಲ್ಲೇ ನಿಂತು ಮೊದಲ ಪ್ರಶ್ನೆ ಕೇಳಿದ: ‘ಊಟ ಆಯ್ತಾ?’ ಅಕ್ಕ, ‘ಆಯ್ತಪ್ಪ, ನಿಂದು?’ ಅಂದಳು. ಅವನು ಗೀಟು ಹಾಕಿದ. ನಿನ್ನೆ ಆಗಿತ್ತಾ ಅಂದ. ಆಗಿತ್ತು ಅಂದಳು. ಇನ್ನೊಂದು ಗೀಟು. ಆ ತಿಂಗಳ ಪಡಿತರ ತಡವಾಗಿ, ಹಿಂದಿನ ದಿನದಿಂದ ಒಲೆಯೇ ಹತ್ತಿರಲಿಲ್ಲ. ಮೂರನೇ ವಾರಕ್ಕೆ ಕಾಗದ ಬಂತು: ಈ ಮನೆಯಲ್ಲಿ ಹಸಿವಿಲ್ಲ, ಚೀಟಿ ರದ್ದು.

ನಾನು ಕೇಳುತ್ತೇನೆ, ಬಾಗಿಲಿಗೆ ಬಂದ ಗುರುತಿಲ್ಲದ ಗಂಡಸಿನ ಮುಂದೆ ‘ಇಲ್ಲಪ್ಪ, ಎರಡು ದಿನದಿಂದ ಉಪವಾಸ’ ಅಂತ ಮಾನ ಇರುವ ಯಾವ ಹೆಂಗಸು ಹೇಳುತ್ತಾಳೆ? ಊಟ ಆಯ್ತಾ ಅನ್ನುವುದು ಒಂದು ಪ್ರಶ್ನೆಯೇ? ನಮಸ್ಕಾರಕ್ಕೆ ನಮಸ್ಕಾರ ಅಂದ ಹಾಗೆ ಅದಕ್ಕೆ ಉತ್ತರ ಆಯ್ತು. ಲಕ್ಷಾಂತರ ಜನ ಹಾಗೇ ಅಂದರು. ಆ ಗೀಟುಗಳನ್ನೆಲ್ಲ ಕೂಡಿಸಿ ಒಬ್ಬ ದೊಡ್ಡ ಮನುಷ್ಯ, ಹಸಿವು ಹೆಚ್ಚುಕಡಿಮೆ ಮುಗಿದಿದೆ ಅಂತ ವರದಿ ಬರೆದ. ಚಿಟಿಕೆಯಮ್ಮ ರಜೆ ಹಾಕಿ ಮೂರು ಕಚೇರಿ ಸುತ್ತಿದಳು. ಎಲ್ಲ ಕಡೆ ಒಂದೇ ಮಾತು, ‘ನಿಮ್ಮಕ್ಕನೇ ಹೇಳಿದ್ದಲ್ವಾ?’ ಅವಳು ಹೊಟ್ಟೆಯೊಳಗೆ ಕಿಚ್ಚು ಇಟ್ಟುಕೊಂಡು ಹಡಗಿಗೆ ವಾಪಸು ಬಂದಳು. ಅಕ್ಕನಿಗೆ ಪಕ್ಕದ ಕೋಣೆಯವರು ಕೊಟ್ಟ ದಿನ ಊಟ, ಕೊಡದ ದಿನ ಅದೇ ನೀರು.

ನಮ್ಮದು ಸಮುದ್ರದ ತಳ ಅಳೆಯುವ ಹಡಗು. ಕಳೆದ ವರ್ಷ ಸರ್ಕಾರದ ಕೈಯಲ್ಲಿ ಒಂದು ದೊಡ್ಡ ನಿಧಿ ಬಂದು ಕೂತಿತ್ತು. ಅದು ಆಕಾಶಕ್ಕೋ, ಸಮುದ್ರಕ್ಕೋ, ಬಡವರಿಗೋ ಅಂತ ತೀರ್ಮಾನಿಸಲು ನಾಲ್ಕು ಜನರ ಸಮಿತಿ ಮಾಡಿದರು. ಸಮುದ್ರ ತೋರಿಸುತ್ತೇವೆ ಬನ್ನಿ ಅಂತ ನಮ್ಮವರು ಆ ನಾಲ್ವರನ್ನೂ ಎಂಟು ದಿನದ ಯಾನಕ್ಕೆ ಹತ್ತಿಸಿಕೊಂಡರು. ಅಧ್ಯಕ್ಷೆ ಒಬ್ಬ ನಿವೃತ್ತ ನ್ಯಾಯಾಧೀಶೆ, ಮಾತು ಕಡಿಮೆ. ರಾಕೆಟ್ಟಿನ ವಿಜ್ಞಾನಿ ಒಬ್ಬ, ಸಮುದ್ರದ ವಿಜ್ಞಾನಿ ಒಬ್ಬಳು. ನಾಲ್ಕನೆಯವನು ಬಡವರ ಪರವಾಗಿ ಬಂದವನಂತೆ, ಆ ವರದಿ ಬರೆದ ಸಮೀಕ್ಷೆ ಸಾಹೇಬ. ಹೆಸರು ಕೇಳಿದ ಕೂಡಲೇ ಚಿಟಿಕೆಯಮ್ಮನ ಕೈಯಲ್ಲಿದ್ದ ಸೌಟು ನಿಂತಿತು.

ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ ಅಂತ ಇಂಥ ಕಡೆ ಎಲ್ಲರೂ ಹೇಳುತ್ತಾರೆ. ನಾನು ಹೇಳುವುದಿಲ್ಲ. ನನಗೆ ನಕ್ಷತ್ರದ ಮೇಲೆ ಹಗೆಯಿಲ್ಲ, ಸಮುದ್ರದ ಅನ್ನವನ್ನಂತೂ ದಿನಾ ತಿನ್ನುತ್ತಿದ್ದೇನೆ. ಹೋಗಲಿ, ಮನುಷ್ಯ ಮೇಲೂ ಹೋಗಲಿ, ಕೆಳಗೂ ಹೋಗಲಿ. ಆದರೆ ಮೂರನೆಯವನ ಎಲೆ ಎತ್ತಿಬಿಟ್ಟು, ಅವನದು ಊಟ ಮುಗಿದಿದೆ ಅಂತ ಹೇಳಿ, ಇಬ್ಬರು ಹಂಚಿಕೊಳ್ಳುವುದಿದೆಯಲ್ಲ, ಅದಕ್ಕೆ ನನ್ನ ಮೈ ಉರಿಯುತ್ತದೆ.

ಮೊದಲ ಸಂಜೆ ವಿಜ್ಞಾನಿ ಹೆಂಗಸು ತಳದ ಕ್ಯಾಮೆರಾದ ಚಿತ್ರ ಹಾಕಿದಳು. ಬೆಳಕೇ ಇಲ್ಲದ ಆಳದಲ್ಲಿ ಬಿಳಿಯ ಜೀವಿಗಳು. ಮೇಲಿನ ನೀರಿನಲ್ಲಿ ಸತ್ತದ್ದು, ಬಿಟ್ಟದ್ದು ಧೂಳಾಗಿ ಕೆಳಗೆ ಉದುರುತ್ತದಂತೆ, ಅದನ್ನೇ ತಿಂದು ಬದುಕುತ್ತವಂತೆ. ಎಲ್ಲರೂ ಸುಮ್ಮನೆ ನೋಡುತ್ತಿದ್ದರು. ಸಾಹೇಬ ಮಾತ್ರ ಮೀನಿನ ಮುಳ್ಳು ತಟ್ಟೆಯ ಅಂಚಿಗೆ ಸರಿಸುತ್ತ, ‘ನೋಡಿ, ಎಷ್ಟು ಕಡಿಮೆಯಲ್ಲಿ ಬದುಕಬಹುದು. ಜನರಿಗೂ ನಾವು ಸುಮ್ಮನೆ ಹೆಚ್ಚು ಕೊಡ್ತಾ ಇದ್ವಿ’ ಅಂದ. ದಿನಕ್ಕೆ ಮುನ್ನೂರು ಗ್ರಾಂ ಧಾನ್ಯ, ಮೂವತ್ತು ಗ್ರಾಂ ಬೇಳೆ, ಹತ್ತು ಗ್ರಾಂ ಎಣ್ಣೆ, ಒಂದು ಹಿಡಿ ತರಕಾರಿ ಸಾಕು ಅಂತ ಲೆಕ್ಕ ಒಪ್ಪಿಸಿದ. ಅಧ್ಯಕ್ಷೆ, ನಿಮಗೆ ಸಾಕಾಗುತ್ತಾ ಅಂತ ಕೇಳಿದರು. ಧಾರಾಳವಾಗಿ ಅಂದ. ಬಡಿಸುತ್ತಿದ್ದ ಚಿಟಿಕೆಯಮ್ಮ ಅದನ್ನು ಕೇಳಿಸಿಕೊಂಡಳು. ಮಾರನೆಯ ಬೆಳಿಗ್ಗೆಯೇ ನನ್ನ ಹತ್ತಿರ ತಕ್ಕಡಿಗೆ ಬಂದದ್ದು.

ತಿಂಡಿಗೆ ಎಲ್ಲರಿಗೂ ಬ್ರೆಡ್ಡು, ಮೊಟ್ಟೆ, ಹಣ್ಣು ಇಟ್ಟಳು. ಸಾಹೇಬನ ಮುಂದೆ ಅಳೆದ ತಟ್ಟೆ ಇಟ್ಟಳು. ಸಾಹೇಬರು ತಮ್ಮ ಲೆಕ್ಕ ತಾವೇ ಉಂಡು ತೋರಿಸ್ತೀನಿ ಅಂದಿದಾರೆ, ಇಂಥ ಅಧಿಕಾರಿ ಎಲ್ಲಿ ಸಿಗ್ತಾರೆ ಅಂತ ಎಲ್ಲರಿಗೂ ಕೇಳುವ ಹಾಗೆ ಹೊಗಳಿದಳು. ಉಂಡು ತೋರಿಸುತ್ತೇನೆ ಅಂತ ಅವನು ಅಂದಿರಲಿಲ್ಲ. ಆದರೆ ಅಧ್ಯಕ್ಷೆ, ಒಳ್ಳೆಯ ನಿರ್ಧಾರ ಅಂತ ಅವನ ಕಡೆ ತಲೆಯಾಡಿಸಿದರು. ರಾಕೆಟ್ಟಿನವನು ಕೈ ಕುಲುಕಿದ. ಸಾಹೇಬನಿಗೆ ಬಿಸಿ ತುಪ್ಪ ಬಾಯಲ್ಲಿಟ್ಟ ಹಾಗಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಅವನು ನಕ್ಕು ಚಮಚ ಎತ್ತಿಕೊಂಡ.

ತಟ್ಟೆ ಎತ್ತುವಾಗ ಅವಳು ಕೇಳಿದಳು, ‘ಊಟ ಆಯ್ತಾ ಸಾಹೇಬ್ರೇ?’

‘ಆಯ್ತು.’

ಅವಳ ಸೆರಗಿನ ಮರೆಯಲ್ಲಿ ಒಂದು ಕಾಗದವಿತ್ತು. ಸಮಿತಿಗೆ ಹಂಚಿದ್ದ ಅವನದೇ ವರದಿಯ ಕೊನೆಗೆ ಅಂಟಿಸಿದ್ದ ಸಮೀಕ್ಷೆಯ ನಮೂನೆ. ಅಡುಗೆಮನೆಗೆ ಬಂದು ಅದರಲ್ಲಿ ಒಂದು ಗೀಟು ಹಾಕಿದಳು.

ಹೀಗೆ ದಿನಕ್ಕೆ ಮೂರು ಹೊತ್ತು. ಎರಡನೆಯ ದಿನ ಅವನ ಚೀಲದಲ್ಲಿದ್ದ ಗೋಡಂಬಿ ಖಾಲಿಯಾಯಿತು. ಮೂರನೆಯ ದಿನ ನನ್ನ ಉಗ್ರಾಣದ ಮುಂದೆ ಸುಳಿದಾಡಿದ. ಆ ಡಬ್ಬಿಯಲ್ಲಿ ಏನು ಅಂತ ಕೇಳಿದ. ಬಿಸ್ಕತ್ತು ಅಂದೆ. ಗುಣಮಟ್ಟ ಪರೀಕ್ಷೆ ಮಾಡಬೇಕಿತ್ತು ಅಂದ. ಅಡುಗೆಮನೆಯ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ ಸಾರ್, ನಿಯಮ, ಅಂದೆ. ಆ ಮಾತು ಹೇಳುವಾಗ ನನಗೆ ಬಹಳ ಸಂತೋಷವಾಯಿತು, ಮುಚ್ಚಿಡುವುದೇನು. ನಾಲ್ಕನೆಯ ದಿನ ಚಿಟಿಕೆಯಮ್ಮ ಅವನ ಕೋಣೆಯ ಗಾಳಿಕಿಂಡಿಯ ಹತ್ತಿರದ ಒಲೆಯಲ್ಲಿ ಈರುಳ್ಳಿ ಹುರಿದಳು. ಅಡುಗೆಗೆ ಬೇಕಿದ್ದದ್ದು ನಾಲ್ಕು, ಹುರಿದದ್ದು ಒಂದು ಬುಟ್ಟಿ. ಸಾಹೇಬನ ಹೊಟ್ಟೆ ತಾಳ ಹಾಕುವುದು ಸಭೆಯಲ್ಲಿ ಎಲ್ಲರಿಗೂ ಕೇಳುತ್ತಿತ್ತು, ಎಲ್ಲರೂ ಕೇಳಿಸದವರ ಹಾಗೆ ಕೂತಿದ್ದರು. ಪಾಪ ಅನ್ನಿಸಲ್ವಾ ಅಂತ ನಾನೇ ಒಮ್ಮೆ ಅವಳನ್ನು ಕೇಳಿದೆ. ಪಾಪ ಎಷ್ಟು ಗ್ರಾಂ ಬೇಕು ಹೇಳು, ತೂಗಿ ಕೊಡ್ತೀನಿ ಅಂದಳು.

ಆರನೆಯ ದಿನ ಮಧ್ಯಾಹ್ನ ಊಟದ ಮೇಜಿನಲ್ಲೇ ಕೊನೆಯ ಸಭೆ. ಸಾಹೇಬನ ಲೆಕ್ಕಕ್ಕೆ ಸಮಿತಿ ರುಜು ಹಾಕಿದರೆ ಅದೇ ಎಲ್ಲ ಕಡೆಗೂ ಕಾಯಂ ಅಳತೆ, ಬಡವರ ಪಾಲು ಅಲ್ಲಿಗೆ ಮುಚ್ಚಿದ ಬಾಗಿಲು. ಅಕ್ಕನ ಚೀಟಿ ಮತ್ತೆ ಯಾವ ಕಾಲಕ್ಕೂ ಸಿಗುವುದಿಲ್ಲ. ಚಿಟಿಕೆಯಮ್ಮ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು, ನಾನು ಅವಳ ಹಿಂದೆ.

ಅಧ್ಯಕ್ಷೆ ಲೇಖನಿ ತೆರೆದು ಸಾಹೇಬನನ್ನು ಕೇಳಿದರು: ನೀವೇ ಇಷ್ಟು ದಿನ ಉಂಡು ನೋಡಿದ್ದೀರಿ. ಸಾಕು ಅನ್ನಿ, ರುಜು ಹಾಕುತ್ತೇನೆ.

ಸಾಹೇಬ ಬಾಯಿ ತೆರೆದ. ಅವನ ಕಣ್ಣು ರಾಕೆಟ್ಟಿನವನ ತಟ್ಟೆಯಲ್ಲಿದ್ದ ಮೀನಿನ ಮೇಲಿತ್ತು.

ಚಿಟಿಕೆಯಮ್ಮ ಒಳಗೆ ಹೋಗಿ ಕಾಗದವನ್ನು ಅಧ್ಯಕ್ಷೆಯ ಮುಂದೆ ಇಟ್ಟಳು. ‘ಹದಿಮೂರು ಸಲ ಊಟ ಆಯ್ತಾ ಅಂತ ಕೇಳಿದೀನಿ ಮೇಡಂ. ಹದಿಮೂರು ಸಲಾನೂ ಆಯ್ತು ಅಂದಿದಾರೆ. ಇವರಿಗೆ ಹಸಿವಿಲ್ಲ, ರುಜು ಹಾಕಿ.’

ಅಧ್ಯಕ್ಷೆ ಗೀಟುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಸಾಹೇಬನ ಮುಖ ನೋಡಿದರು. ‘ಹೌದಾ?’

ಅವನು ತಲೆ ತಗ್ಗಿಸಿ, ‘ಹಸಿವಾಗ್ತಿದೆ’ ಅಂದ. ಅಷ್ಟು ಸಣ್ಣ ದನಿ ಅವನಲ್ಲಿ ಇದೆ ಅಂತ ನನಗೆ ಗೊತ್ತಿರಲಿಲ್ಲ.

‘ಮತ್ತೆ ಆಯ್ತು ಅಂತ ಯಾಕೆ ಅಂದ್ರಿ?’

‘ಊಟ ಆಯ್ತಾ ಅಂತ ಕೇಳಿದ್ರೆ ಇನ್ನೇನು ಹೇಳೋದು ಮೇಡಂ?’

‘ನಮ್ಮಕ್ಕನೂ ಅದನ್ನೇ ಹೇಳಿದ್ಲು’ ಅಂದಳು ಚಿಟಿಕೆಯಮ್ಮ. ಅಕ್ಕನ ಕಥೆಯನ್ನು ಅಲ್ಲೇ ನಿಂತು ಪೂರ್ತಿ ಹೇಳಿದಳು. ಅಳಲಿಲ್ಲ, ದನಿ ಏರಿಸಲಿಲ್ಲ.

ಅಧ್ಯಕ್ಷೆ ಲೇಖನಿ ಮುಚ್ಚಿದರು. ತಮ್ಮ ತಟ್ಟೆಯನ್ನು ಸಾಹೇಬನ ಕಡೆ ಸರಿಸಿದರು. ಅವನು ಗಬಗಬ ತಿಂದ. ಅಂಗಿಯ ತೋಳಿಗೆ ಎಣ್ಣೆ ಹತ್ತಿದ್ದೂ ಗೊತ್ತಾಗಲಿಲ್ಲ. ಚಿಟಿಕೆಯಮ್ಮ ಬಾಗಿಲಿಗೆ ಒರಗಿ ಕೊನೆಯ ತುತ್ತಿನವರೆಗೂ ನೋಡುತ್ತ ನಿಂತಿದ್ದಳು. ಆಗಲಾದರೂ ಅವಳಿಗೆ ಕನಿಕರ ಬಂದೀತು ಅಂದುಕೊಂಡೆ. ಬರಲಿಲ್ಲ. ನನಗೂ ಬರಲಿಲ್ಲ.

ಇದಕ್ಕೆ ಬೆಲೆ ತೆರದೆ ಇರಲಿಲ್ಲ. ಸಮೀಕ್ಷೆ ಮತ್ತೆ ಆಗುವ ತನಕ ನಿಧಿಯನ್ನು ಯಾರಿಗೂ ಕೊಡಬಾರದು ಅಂತ ಅಧ್ಯಕ್ಷೆ ಬರೆದರು. ನಮಗೆ ಬರಬೇಕಿದ್ದ ಹೊಸ ಹಡಗು ಬರಲಿಲ್ಲ. ಸಮುದ್ರದ ವಿಜ್ಞಾನಿ ಆ ಸಂಜೆ ಯಾರ ಜೊತೆಯೂ ಮಾತಾಡಲಿಲ್ಲ, ಅವಳ ತಪ್ಪು ಏನೂ ಇರಲಿಲ್ಲ. ಅತಿಥಿಯನ್ನು ಉಪವಾಸ ಕೆಡವಿದ್ದಕ್ಕೆ ಕ್ಯಾಪ್ಟನ್ ಚಿಟಿಕೆಯಮ್ಮನನ್ನು ಹಡಗಿನಿಂದ ಇಳಿಸಿ ದಡದ ಕ್ಯಾಂಟೀನಿಗೆ ಹಾಕಿದರು. ನಾನು ಆ ತುಕ್ಕು ಹಿಡಿದ ಉಗ್ರಾಣದಲ್ಲೇ ಇದ್ದೇನೆ. ಹೊಸ ಅಡುಗೆಯವನ ಕೈಗೆ ಉಪ್ಪು ಎಷ್ಟು ಅಂತ ಇನ್ನೂ ಗೊತ್ತಾಗಿಲ್ಲ.

ನಾಲ್ಕು ತಿಂಗಳಿಗೆ ಅಕ್ಕನ ಕೋಣೆಗೆ ಇಬ್ಬರು ಹೆಂಗಸರು ಬಂದರು. ಊಟದ ವಿಷಯ ಕೇಳಲೇ ಇಲ್ಲ. ಒಳಗೆ ಬಂದು, ಅಪ್ಪಣೆ ಕೇಳಿ, ಪಾತ್ರೆಯ ಮುಚ್ಚಳ ತೆಗೆದು ನೋಡಿ, ಬರೆದುಕೊಂಡು ಹೋದರು. ಚೀಟಿ ವಾಪಸು ಬಂತು.

ಮೊನ್ನೆ ಹಡಗು ದಡಕ್ಕೆ ಬಂದಾಗ ನಾನು ಚಿಟಿಕೆಯಮ್ಮನ ಜೊತೆ ಅಕ್ಕನನ್ನು ನೋಡಲು ಹೋಗಿದ್ದೆ. ಮುಖದಲ್ಲಿ ಸ್ವಲ್ಪ ಮಾಂಸ ತುಂಬಿತ್ತು. ನನ್ನ ಬಾಯಿಗೆ ಬೀಗ ಇಲ್ಲ, ಹಡಗಿನಲ್ಲಿ ನಡೆದದ್ದನ್ನೆಲ್ಲ ಬಣ್ಣ ಹಚ್ಚಿ ಹೇಳಿಬಿಟ್ಟೆ. ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಕೋಲು ಊರಿ ಎದ್ದು ನಿಂತಳು. ಎದುರಿಗೆ ಬಂದು ಕೂತವನನ್ನು ಹಸಿವಿನಲ್ಲಿ ಕೂರಿಸೋದಾ, ಇದನ್ನಾ ನಾನು ನಿನಗೆ ಕಲಿಸಿದ್ದು, ನನ್ನ ಪಾಲು ತಿಂದು ಬೆಳೆದವಳು ನೀನು, ಅಂತ ತಂಗಿಯನ್ನು ಬೈಯಲು ಶುರು ಮಾಡಿದಳು. ಕೆಳಗಿನ ಮಹಡಿಯವರು ಬಾಗಿಲು ತೆರೆದು ಮೇಲೆ ನೋಡಿದರು. ಅರ್ಧ ಗಂಟೆಯಾದರೂ ನಿಲ್ಲಲಿಲ್ಲ. ಹೇಳಬಾರದಿತ್ತೇನೋ, ತಪ್ಪಾಯಿತು ಅಂತ ನಾನು ಚಿಟಿಕೆಯಮ್ಮನ ಕಿವಿಯಲ್ಲಿ ಹೇಳಿದೆ.

ಅವಳು ಅಕ್ಕನನ್ನೇ ನೋಡುತ್ತ ಗೋಡೆಗೆ ಒರಗಿ ಕೂತಿದ್ದಳು.

‘ಬೈಲಿ ಬಿಡು ಬೀಗದಪ್ಪ’ ಅಂದಳು. ‘ಹೋದ ವರ್ಷ ಅವಳಿಗೆ ಬೈಯೋಕೂ ಶಕ್ತಿ ಇರಲಿಲ್ಲ.’