ಅಜ್ಜಿಯ ಕರೀ ಕಡತ

ಇವತ್ತು ಹುಣಸೆಬೀಜದ ಅಂಟು ಕುದಿಸುತ್ತಿದ್ದೆ. ಆ ವಾಸನೆಗೆ ಬಿಂಡಿಗನವಿಲೆಯ ನಮ್ಮಜ್ಜಿ ಎದುರಿಗೇ ಬಂದು ಕೂತಂತಾಯಿತು. ನನ್ನ ಚಿಕ್ಕಂದಿನ ಮಾತು; ಶ್ರೀರಂಗಪಟ್ಟಣದಲ್ಲಿ ಆಗ ಸುಲ್ತಾನರ ದರ್ಬಾರು. ಅಜ್ಜಿ ಅಂಟಿಗೆ ಇದ್ದಿಲಪುಡಿ ಕಲಸಿ, ಬಟ್ಟೆಗೆ ಬಳಿದು ಒಣಗಿಸಿ, ಮಡಿಸಿ ಕಡತ ಮಾಡುತ್ತಿದ್ದಳು. ಅಂಗಡಿಯವರು ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅಜ್ಜಿ ಮಾತ್ರ ತನ್ನ ಸೋಬಾನೆ ಹಾಡುಗಳನ್ನು ಹೇಳಿ ನನ್ನಿಂದ ಬರೆಸುತ್ತಿದ್ದಳು.

ಪಾಠ ಹೇಳುವ ಐಗಳು ಅದನ್ನು ಕಂಡು ನಕ್ಕರು. "ಓಲೆಗರೀಲಿದ್ರೆ ಪುಸ್ತಕ ಕಣಮ್ಮ. ಇದು ಯಾಪಾರದ ಬಟ್ಟೆ."

"ನಮ್ದು ಬಟ್ಟೆಯಾದ್ರೆ ನಿಮ್ದು ಬರೀ ಒಣಗರಿ ಬುಡಿ ಐಗಳೇ," ಎಂದ ಅಜ್ಜಿ ನನ್ನ ಕಡೆ ತಿರುಗಿದಳು. "ನೀನು ಬರಿ ಮಗಾ."

ಈಗ ನನ್ನ ಮಗ ಕಾಗದದ ಪುಸ್ತಕ ತಂದು ತೋರಿಸಿದ. "ಒಳ್ಳೇ ಕಡತ," ಎಂದೆ. ಕಡತವಲ್ಲ, ಪುಸ್ತಕ ಎಂದು ತಿದ್ದಲು ಬಾಯಿ ತೆರೆದವನು, ನನ್ನ ಕೈಯಲ್ಲಿದ್ದ ಅಂಟಿನ ಸೌಟು ನೋಡಿ ಮುಚ್ಚಿಕೊಂಡ.