ಮೊದಲು ದತ್ತ ಬರಿ

ಆಗ ನನಗೆ ನಲವತ್ತಿರಬಹುದು. ಅದಾಗಿ ಮೂವತ್ತು ವರ್ಷ ಕಳೆಯಿತು. ಮೊನ್ನೆ ಮೊಮ್ಮಗಳು ಹೊಸ ಕಂಪಾಸ್ ಬಾಕ್ಸ್ ತೆರೆದಳು. ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ಲೆಕ್ಕದ ಟೀಚರು ನೆನಪಾದರು...

ಬಸರೀಕಟ್ಟೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದರು. ಒಂಟಿ ಹೆಂಗಸು, ನಗುವುದು ಕಡಿಮೆ. ನನ್ನ ಮಗಳು ಹತ್ತನೇ ಕ್ಲಾಸಿನಲ್ಲಿ ಲೆಕ್ಕಕ್ಕೆ ಫೇಲಾಗಿದ್ದಳು. ಇನ್ನೊಮ್ಮೆ ಬರೆದು ಪಾಸಾಗಬೇಕು, ಇಲ್ಲದಿದ್ದರೆ ನೆಮ್ಮಾರಿನ ಸಂಬಂಧ ಗಟ್ಟಿ ಎಂದು ಇವರು, ನನ್ನ ಗಂಡ, ಹೇಳಿಯಾಗಿತ್ತು.

ಟೀಚರು ದಿನಾ ಸಂಜೆ ನಮ್ಮ ಜಗಲಿಯಲ್ಲಿ ಹೇಳಿಕೊಡುತ್ತಿದ್ದರು. ಒಂದು ಹಂತ ಬರೆದರೆ “ಯಾಕೆ?” ಎನ್ನುವರು. ಕಾರಣ ಹೇಳದೆ ಮುಂದಿನ ಹಂತಕ್ಕೆ ಬಿಡುತ್ತಿರಲಿಲ್ಲ. ನನ್ನದು ಎರಡನೇ ಕ್ಲಾಸಿನ ಓದು. ಅಕ್ಕಿ ಆರಿಸುತ್ತಾ ಕೇಳುತ್ತಿದ್ದೆ.

ಪರೀಕ್ಷೆ ಕೊಪ್ಪದಲ್ಲಿ. ಅದರ ಹಿಂದಿನ ಸಂಜೆ ಇವರು ಅಂಗಳಕ್ಕೆ ಬರುವಾಗ ಟೀಚರು ಗದರುತ್ತಿದ್ದರು. “ದತ್ತ ಎಲ್ಲಿ? ಮೊದಲು ದತ್ತ ಬರಿ. ದತ್ತ ಬಿಟ್ಟು ಮುಂದೆ ಹೋಗ್ಬೇಡ ಅಂತ ಎಷ್ಟು ಸಲ ಹೇಳಿದೀನಿ?”

ಕೊಪ್ಪದ ಬಸ್ಸಿನ ಕಂಡಕ್ಟರ್ ಹೆಸರು ದತ್ತ. ಪ್ರಾಯದವನು, ನೋಡಲು ಚೆಂದ.

“ಓಹೋ, ಇದಾ ಲೆಕ್ಕ! ಆ ದತ್ತನಿಗೆ ಕಾಗದ ಬರೆಸ್ತಿದೀರಾ ಟೀಚರೇ? ನಾಳೆ ಪರೀಕ್ಷೆನೂ ಇಲ್ಲ, ಎಂತದೂ ಇಲ್ಲ!” ಎಂದು ಇವರು ಕೂಗಿದರು.

ನನಗೂ ಅನುಮಾನ ಹೊಕ್ಕಿತು, ಸುಳ್ಳು ಯಾಕೆ ಹೇಳಲಿ.

ಟೀಚರು ನಗಲಿಲ್ಲ. “ಕೂತ್ಕೊಳಿ ಯಜಮಾನ್ರೆ” ಎಂದು ಸೀಮೆಸುಣ್ಣದಲ್ಲಿ ನೆಲದ ಮೇಲೆ ತ್ರಿಕೋನ ಬರೆದರು. “ಹೇಳು ಕೂಸೆ.”

ಮಗಳು ಶುರು ಮಾಡಿದಳು. “ದತ್ತ... ಎಬಿ, ಎಸಿ ಸಮ. ಸಾಧನೀಯ... ಬಿ ಕೋನ, ಸಿ ಕೋನ ಸಮ.” ಮೇಲಿನ ಎ ಕೋನವನ್ನು ಸಮನಾಗಿ ಸೀಳಿ ಕೆಳಗಿನ ಗೆರೆಗೆ ಎಡಿ ಎಂಬ ಗೆರೆ ಎಳೆದಳು. “ಎರಡು ತ್ರಿಕೋನ ಆಯ್ತು. ಎಬಿ, ಎಸಿ ಸಮ.”

“ಯಾಕೆ?”

“ದತ್ತ.”

ಇವರು ಹಲ್ಲು ಕಚ್ಚಿದರು.

“ಮೇಲಿನ ಕೋನ ಎರಡೂ ಸಮ. ನಾನೇ ಸಮ ಮಾಡಿದ್ದು.”

“ಎಡಿ?”

ಮಗಳು ತಡೆದಳು. ಅಪ್ಪನ ಮುಖ ನೋಡಿದಳು. ನನ್ನ ಕೈಯಲ್ಲಿ ಮೊರ ನಿಂತೇಬಿಟ್ಟಿತು...

“ಎಡಿ ಎರಡಕ್ಕೂ ಸೇರಿದ್ದು. ಹಂಗಾಗಿ ತ್ರಿಕೋನ ಎರಡೂ ಸರ್ವಸಮ. ಬಿ, ಸಿ ಕೋನ ಸಮ.”

“ದತ್ತ ಅಂದ್ರೆ ಲೆಕ್ಕದಲ್ಲಿ ಮೊದಲೇ ಕೊಟ್ಟಿರೋದು” ಎಂದರು ಟೀಚರು.

“ಅದಕ್ಕೆ ಬೇರೆ ಹೆಸರು ಸಿಗ್ಲಿಲ್ವಾ ನಿಮಗೆ?” ಎಂದು ಇವರು ಎದ್ದು ಒಳಗೆ ಹೋದರು. ಪರೀಕ್ಷೆ ಇಲ್ಲ ಎಂದದ್ದನ್ನು ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ.

ಟೀಚರಿಗೆ ಮಾರನೆ ದಿನ ನರಸಿಂಹರಾಜಪುರದಲ್ಲಿ ಪರೀಕ್ಷೆ ಡ್ಯೂಟಿ. ಮೆಟ್ಟಿಲಿಳಿಯುತ್ತಾ ನನ್ನ ಕಡೆ ತಿರುಗಿದರು. “ಮುಂದಿನ ಹಂತ ನಿಮ್ದು.”

ಆ ಡ್ಯೂಟಿ ಮುಗಿಯುವುದರೊಳಗೆ ಅವರಿಗೆ ಆ ಕಡೆಗೇ ವರ್ಗವಾಯಿತು. ಮತ್ತೆ ಸಿಗಲಿಲ್ಲ... ತೀರಿಕೊಂಡು ವರ್ಷವಾಯಿತಂತೆ, ಮೊನ್ನೆ ಕೇಳಿದಾಗ ಮಗಳು ಹೇಳಿದಳು. ಅವಳು ಪಾಸಾದದ್ದು ಟೀಚರ ಕಿವಿಗೆ ಬಿದ್ದಿರಬಹುದು. ಪರೀಕ್ಷೆಗೆ ಹೇಗೆ ಹೋದಳು ಎಂದು ಯಾರೂ ಹೇಳಿರಲಿಕ್ಕಿಲ್ಲ. ಇನ್ನು ಹೇಳೋಣವೆಂದರೆ ಅವರಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಇವರನ್ನು ಕೇಳದೆ ಮಗಳನ್ನು ಎಳೆದುಕೊಂಡು ಮೊದಲ ಬಸ್ಸು ಹತ್ತಿದೆ. ಟಿಕೆಟ್ ಹರಿಯಲು ಬಂದವನು ದತ್ತನೇ. ಅವಳನ್ನು ಕಿಟಕಿ ಕಡೆ ತಳ್ಳಿ, ಈಚೆ ನಾನು ಕೂತು, “ಕೊಪ್ಪಕ್ಕೆ ಎರಡು” ಎಂದೆ.