ನನ್ನ ಹತ್ತು ರೂಪಾಯಿ ಪಗಾರ

ಬ್ರಿಟಿಷರ ಕಾಲದಲ್ಲಿ, ಹುಬ್ಬಳ್ಳಿಯ ಗಿರಣಿ ಕೆಲಸಗಾರರ ಮನೆಮನೆಗೆ ಹೋಗಿ, ಪಗಾರ ಸಾಲುತ್ತದೆಯೇ ಎಂದು ಕೇಳಿ ಬರೆದುಕೊಳ್ಳುವ ಸರಕಾರಿ ಕೆಲಸ ನನಗೆ ಸಿಕ್ಕಿತ್ತು. ಊರಲ್ಲಿ ಪರಿಚಯದವರು ಒಬ್ಬರೂ ಇರಲಿಲ್ಲ. ದಿನವೆಲ್ಲ ನಾನು ಆಡುತ್ತಿದ್ದ ಮಾತೆಂದರೆ ಸರಕಾರ ಅಚ್ಚು ಹಾಕಿಸಿ ಕೊಟ್ಟ ಪ್ರಶ್ನೆಗಳಷ್ಟೇ.

ಗಿರಿಜವ್ವ ಎಂಬಾಕೆ ಹತ್ತಿ ಗಿರಣಿಯಲ್ಲಿ ದುಡಿದು ಐದು ಮಂದಿಯನ್ನು ಸಾಕುತ್ತಿದ್ದಳು. ತಿಂಗಳಿಗೆ ಎಂಟು ರೂಪಾಯಿ.

"ಪಗಾರ ಸಾಲತೈತೇನ್ರಿ, ಅಕ್ಕಾರ?"

"ಸಾಲತೈತ್ರಿ," ಎಂದವಳು ದನಿ ತಗ್ಗಿಸಿದಳು. "ಇಲ್ಲಂತ ಬರದ್ರ ಮಾಲಕರು ಕೆಲಸಾ ಬಿಡಸ್ತಾರ. ಸಾಲತೈತಿ ಅಂತನ ಬರಕೋರಿ."

ಹಾಗೆಯೇ ಬರೆದುಕೊಂಡೆ.

"ನಿಮಗೆಷ್ಟರಿ ಪಗಾರ?"

ನಲವತ್ತು ಎನ್ನಲು ನಾಲಿಗೆ ಏಳಲಿಲ್ಲ. "ಹತ್ತು" ಎಂದೆ.

"ಅಯ್ಯ ಶಿವನ! ಇಷ್ಟ ಓದಿ ಬರೇ ಹತ್ತ? ಅಡಗಿ ಯಾರು ಮಾಡ್ತಾರ?"

"ಮನ್ಯಾಗ ಯಾರೂ ಇಲ್ರಿ."

ಅವಳು ಒಳಗೆ ಹೋಗಿ ಎರಡು ರೊಟ್ಟಿ, ಮೇಲೆ ಶೇಂಗಾ ಚಟ್ನಿ ಹಾಕಿ ತಂದು ಕೈಗಿತ್ತಳು. ಬೇಡವೆನ್ನಬೇಕಾದರೆ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಐದು ಮಂದಿಯ ಪಾಲಿನ ರೊಟ್ಟಿಯನ್ನು ದುರ್ಗದಬೈಲಿನ ನನ್ನ ಖೋಲಿಯಲ್ಲಿ ಒಬ್ಬನೇ ಕೂತು ತಿಂದೆ. ಊಟದ ಬಗ್ಗೆ ನನ್ನನ್ನು ಯಾರಾದರೂ ಕೇಳಿ ಮೂರು ತಿಂಗಳಾಗಿತ್ತು.

ನಾಚಿಕೆಯಾಯಿತು, ಖರೆ. ಆದರೂ ಮರುದಿನ ಬೇರೆ ಓಣಿಯಲ್ಲಿ ಕೇಳಿದವರಿಗೂ ನನ್ನ ಪಗಾರ ಹತ್ತೇ ಎಂದೆ.